ಗುರುವಿನ ಕೈ

ಮಹಾನವಮಿಯಂದು ಆಯುಧಪೂಜೆ. ಊರಿನಲ್ಲಿ ರೈತನು ನೇಗಿಲನ್ನೂ ಕಮ್ಮಾರನು ಸುತ್ತಿಗೆಯನ್ನೂ ತೊಳೆದು, ಗಂಧ ಕುಂಕುಮವಿಟ್ಟು ಪೂಜಿಸುತ್ತಾರೆ. ಮಹಾನಗರದಲ್ಲಿ ನೆಲೆನಿಂತ ನಾವು ನಮ್ಮ ವಾಹನಗಳಿಗೆ ಚೆಂಡುಹೂವಿನ ಮಾಲೆ ಹಾಕಿ, ಮಕ್ಕಳ ಪುಸ್ತಕಗಳನ್ನು ದೇವರ ಮುಂದಿಟ್ಟು, ಗಣಕಯಂತ್ರಕ್ಕೂ ಒಂದು ಕುಂಕುಮದ ಬೊಟ್ಟಿಟ್ಟು ಕೃತಾರ್ಥರಾಗುತ್ತೇವೆ. ಚಿತ್ರಕಾರನು ಕುಂಚವನ್ನು ಪೂಜಿಸುತ್ತಾನೆ, ಶಿಲ್ಪಿಯು ಉಳಿಯನ್ನು. ಆಯುಧವನ್ನು ಪೂಜಿಸುವುದು ಸುಲಭ, ಏಕೆಂದರೆ ಆಯುಧವು ತಪ್ಪು ಮಾಡುವುದಿಲ್ಲ. ತಪ್ಪು ಮಾಡುವುದು ಅದನ್ನು ಹಿಡಿದ ಕೈ. ಆ ಕೈಯನ್ನೂ, ಅದರ ಪಕ್ಕದಲ್ಲಿ ಕುಳಿತು ಕಲಿಯುವ ಎಳೆಯರನ್ನೂ ಕುರಿತು ಈ ಪರ್ವಕಾಲದಲ್ಲಿ ವಾಚಕರೊಡನೆ ಕೆಲವು ವಿಚಾರಗಳನ್ನು ಹಂಚಿಕೊಳ್ಳಬೇಕೆನಿಸಿದೆ. ಇದಕ್ಕೆ ಕಾರಣವಾದ ಒಂದು ಚಿಕ್ಕ ಪ್ರಸಂಗವನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ.

ಕಳೆದ ವರ್ಷ ನವರಾತ್ರಿಗೆ ಎರಡು ತಿಂಗಳ ಮುನ್ನ ನನ್ನ ಮೊಮ್ಮಗಳು ಮತ್ತು ಅವಳ ಇಬ್ಬರು ಗೆಳೆಯರು ಮುಂಬಯಿಯ ಉಪನಗರದಲ್ಲಿರುವ ಒಬ್ಬ ವೃದ್ಧ ಮೂರ್ತಿಕಾರರ ಕಾರ್ಖಾನೆಗೆ ಹೋಗತೊಡಗಿದರು. ಕಾರ್ಖಾನೆಯೆಂದರೆ ತಗಡಿನ ಮಾಡು, ಮಣ್ಣಿನ ರಾಶಿ, ಮಳೆಯ ಹನಿ ಬೀಳದಂತೆ ಕಟ್ಟಿದ ಪ್ಲಾಸ್ಟಿಕ್ ಹಾಳೆ, ಅಷ್ಟೆ. ಮೂರ್ತಿಕಾರರು ಉತ್ತರ ಕನ್ನಡ ಜಿಲ್ಲೆಯ ಗುಡಿಗಾರ ಮನೆತನದವರು, ಮಿತಭಾಷಿಗಳು. ಮೊದಲ ಹದಿನೈದು ದಿನ ಅವರು ಮಕ್ಕಳ ಕೈಗೆ ಕೊಟ್ಟದ್ದು ಮಣ್ಣನ್ನು ಮಾತ್ರ. ಶಾಡೂ ಮಣ್ಣನ್ನು ನೆನೆಸುವುದು, ಕಸ ಕಲ್ಲುಗಳನ್ನು ಆರಿಸುವುದು, ನಾರು ಬೆರೆಸಿ ಹದಮಾಡುವುದು, ಇಷ್ಟೇ ಕೆಲಸ. ಬಳಿಕ ದೇವಿಯ ಮೂರ್ತಿ ಮೇಲೇಳತೊಡಗಿತು. ಸಿಂಹ, ಪೀಠ, ಮೈ, ತೋಳು, ಕಡೆಗೆ ಅಭಯಹಸ್ತ.

ಒಂದು ಸಂಜೆ ಆ ಅಭಯಹಸ್ತದ ಮಣಿಕಟ್ಟಿನಲ್ಲಿ ಕೂದಲೆಳೆಯಂತಹ ಬಿರುಕೊಂದು ನನ್ನ ಮೊಮ್ಮಗಳ ಕಣ್ಣಿಗೆ ಬಿತ್ತು. ಐವತ್ತು ವರ್ಷ ಮೂರ್ತಿ ಮಾಡಿದ ಹಿರಿಯರಿಗೆ ನಾನು ಹೇಳುವುದೆ ಎಂದು ಅವಳು ಸುಮ್ಮನಾದಳು. ಮರುದಿನವೂ ಸುಮ್ಮನಿದ್ದಳು. ಮೂರನೆಯ ದಿನ ಬಿರುಕು ಬೆರಳು ತೂರುವಷ್ಟು ಅಗಲವಾಯಿತು. ಮೂರ್ತಿಕಾರರು ನೋಡಿದರು, ಇದನ್ನು ಮೊದಲೇ ಯಾರಾದರೂ ಕಂಡಿದ್ದಿರಾ ಎಂದು ಕೇಳಿದರು. ಹುಡುಗಿ ತಲೆತಗ್ಗಿಸಿ ಒಪ್ಪಿಕೊಂಡಳು. ಅವರು ಗದರಲಿಲ್ಲ. ಹೇಳಿದ್ದು ಇಷ್ಟೆ: “ತಂಗೀ, ಮೊನ್ನೆಯೇ ಹೇಳಿದ್ದರೆ ಒದ್ದೆ ಬಟ್ಟೆಯಲ್ಲಿ ಮುಗಿದುಹೋಗುತ್ತಿತ್ತು. ನೀನು ನನ್ನ ಮರ್ಯಾದೆ ಕಾದೆ. ತಾಯಿಯ ಕೈ ಕಾಯಲಿಲ್ಲ.”

ಅನಂತರ ಅವರು ಮಾಡಿದ್ದು ನನಗೆ ಇನ್ನೂ ದೊಡ್ಡದಾಗಿ ತೋರುತ್ತದೆ. ಮೂವರನ್ನೂ ಹತ್ತಿರ ಕರೆದು, ಅವರ ಕಣ್ಣೆದುರಿಗೇ ಆ ಕೈಯನ್ನು ಮುರಿದು ತೆಗೆದು, ಒಳಗಿನ ಕಡ್ಡಿಯನ್ನು ತೋರಿಸಿದರು. ಒಣಗುವಾಗ ಮಣ್ಣು ಕುಗ್ಗುತ್ತದೆ, ಒಳಗಿನ ಕಡ್ಡಿ ಕುಗ್ಗುವುದಿಲ್ಲ. ಆದುದರಿಂದ ಕಡ್ಡಿಗೆ ಸೆಣಬಿನ ನಾರನ್ನು ದಪ್ಪವಾಗಿ ಸುತ್ತಬೇಕು. ಅವಸರದಲ್ಲಿ ತಾವು ಮಣಿಕಟ್ಟಿನ ಹತ್ತಿರ ತೆಳುವಾಗಿ ಸುತ್ತಿದ್ದರು. ತಪ್ಪು ಇಲ್ಲಿದೆ, ಇದು ನನ್ನದು, ನೋಡಿಕೊಳ್ಳಿ ಎಂದು ಬೆರಳಿಟ್ಟು ತೋರಿಸಿ, ಮತ್ತೆ ನಾರು ಸುತ್ತಲು ಕುಳಿತರು.

ಮೊಮ್ಮಗಳು ಮನೆಗೆ ಬಂದು ಇದನ್ನು ಹೇಳಿದಾಗ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿತು. ದುಡಿಯುತ್ತಿರುವ ಕಲಾವಿದನ ಬಳಿಗೆ ಎಳೆಯರು ಹೋಗುವುದು ಯಾವುದನ್ನು ಕಲಿಯಲು? ಕೌಶಲವನ್ನೇ ಎಂದು ಲೋಕವು ಉತ್ತರ ಕೊಡುತ್ತದೆ. ಆ ಉತ್ತರ ಸುಳ್ಳಲ್ಲ, ಆದರೆ ಸಾಲದು.

ನಮ್ಮ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯನ್ನೇ ನೋಡೋಣ. ಹುಣಿಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು ರೇಖೆ ಬರೆಯುವ ಇದ್ದಿಲನ್ನು ಮಾಡುತ್ತಿದ್ದರು. ಅಳಿಲಿನ ಕೂದಲಿನಿಂದ ಸೂಕ್ಷ್ಮವಾದ ಕುಂಚಗಳನ್ನು ಕಟ್ಟುತ್ತಿದ್ದರು. ಸಫೇದಾ ಪುಡಿಗೆ ಅಂಟು ಬೆರೆಸಿ ಆಭರಣಗಳನ್ನೂ ಸೆರಗಿನ ಅಂಚನ್ನೂ ಉಬ್ಬುಗೆಲಸದಲ್ಲಿ ಎತ್ತಿ, ಅದರ ಮೇಲೆ ಚಿನ್ನದ ರೇಕನ್ನು ಹಚ್ಚುತ್ತಿದ್ದರು. ಇವೆಲ್ಲವನ್ನೂ ಇಂದು ಗ್ರಂಥಗಳಲ್ಲಿ ಓದಬಹುದು, ಮೊಬೈಲಿನ ಪರದೆಯ ಮೇಲೆ ಮನೆಯಲ್ಲೇ ಕುಳಿತು ಕಾಣಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನೊಡನೆ ಬೆಸೆದುಕೊಂಡಿರುವ ‘ಶ್ರೀತತ್ತ್ವನಿಧಿ’ಯಲ್ಲಿ ಯಾವ ದೇವತೆಗೆ ಎಷ್ಟು ಭುಜ, ಯಾವ ವರ್ಣ, ಯಾವ ಆಯುಧ ಎಂಬುದು ಚಿತ್ರಸಹಿತವಾಗಿ ಉಂಟು. ವಿಧಿಯನ್ನು ತಿಳಿಯಲು ಗುರುವಿನ ಮನೆಯ ಹೊಸ್ತಿಲು ಸವೆಸಬೇಕಾದ ಕಾಲ ಬಹುಮಟ್ಟಿಗೆ ಕಳೆದುಹೋಗಿದೆ.

ಆದರೆ ಗ್ರಂಥವೂ ಪರದೆಯೂ ತೋರಿಸದ ಒಂದಿದೆ. ಅಲ್ಲಿ ಕಾಣುವುದು ತಪ್ಪಿಲ್ಲದ ಕೆಲಸ. ಕೆಟ್ಟುಹೋದ ರೇಖೆ, ಅಳಿಸಿದ ಮುಖ, ಮುರಿದ ಕೈ ಇವನ್ನು ಅಲ್ಲಿ ಮೊದಲೇ ತೆಗೆದುಹಾಕಿರುತ್ತಾರೆ. ಅದನ್ನು ನೋಡಿ ಕಲಿಯುವ ಹುಡುಗನು ತನ್ನ ಮೊದಲ ಸೋಲಿನಲ್ಲೇ, ಬಲ್ಲವರಿಗೆ ಹೀಗಾಗುವುದಿಲ್ಲ, ನನಗೆ ಮಾತ್ರ ಹೀಗೆ ಎಂದು ಕೈಚೆಲ್ಲುತ್ತಾನೆ.

ಇಲ್ಲಿ ಏಕಲವ್ಯನ ಕಥೆ ನೆನಪಾಗದಿರದು. ಅವನ ಶ್ರದ್ಧೆಯನ್ನು ನಾವೆಲ್ಲರೂ ಕೊಂಡಾಡುತ್ತೇವೆ, ಕೊಂಡಾಡಬೇಕಾದದ್ದೇ. ಆದರೆ ಅವನು ಕಲಿತದ್ದು ಮಣ್ಣಿನ ದ್ರೋಣನ ಮುಂದೆ. ಮಣ್ಣಿನ ಗುರು ಎಂದೂ ಗುರಿ ತಪ್ಪಲಿಲ್ಲ. ಏಕೆಂದರೆ ಎಂದೂ ಬಾಣ ಬಿಡಲಿಲ್ಲ. ಏಕಲವ್ಯನು ವಿದ್ಯೆಯನ್ನು ತನ್ನ ಸಾಧನೆಯಿಂದಲೇ ಪಡೆದನು. ಆದರೆ ಗುರುವಾದವನೂ ತಪ್ಪು ಮಾಡಬಲ್ಲನೆಂಬ ಒಂದು ಪಾಠವು ಆ ಪ್ರತಿಮೆಯಿಂದ ಅವನಿಗೆ ದೊರೆಯುವಂತಿರಲಿಲ್ಲ. ಅದಕ್ಕೇ ಇರಬೇಕು, ನಿಜವಾದ ದ್ರೋಣನು ಬಂದು ಹೆಬ್ಬೆರಳನ್ನು ಕೇಳಿದಾಗ, ಇದು ಅನ್ಯಾಯ ಎಂದು ಹೇಳುವ ಮಾತು ಅವನ ನಾಲಗೆಗೆ ಬರಲಿಲ್ಲ. ಕೇಳಿದ್ದನ್ನು ಕತ್ತರಿಸಿ ಕೊಟ್ಟನು.

ಇದಕ್ಕೆ ಎದುರಾಗಿ ನಮ್ಮ ನಾಡಿನ ಇನ್ನೊಂದು ಕಥೆಯನ್ನು ಇಟ್ಟು ನೋಡಿ. ಬೇಲೂರಿನ ಜಕಣಾಚಾರಿಯ ಕಥೆಯನ್ನು ಅರಿಯದ ಕನ್ನಡಿಗನಿಲ್ಲ. 1964ರಲ್ಲಿ ಬಂದ ‘ಅಮರಶಿಲ್ಪಿ ಜಕಣಾಚಾರಿ’ ಚಲನಚಿತ್ರವನ್ನು ನೋಡಿದ ಹಿರಿಯರು ನಮ್ಮ ಸಂಘಗಳಲ್ಲಿ ಇಂದಿಗೂ ಇದ್ದಾರೆ. ಮುಗಿದು ನಿಂತ ವಿಗ್ರಹದ ಶಿಲೆಯಲ್ಲಿ ದೋಷವಿದೆ ಎಂದು ಯಾರೋ ಒಬ್ಬ ಎಳೆಯ ಶಿಲ್ಪಿ ಹೇಳುತ್ತಾನೆ. ದೋಷವಿದ್ದರೆ ನನ್ನ ಬಲಗೈಯನ್ನು ಕತ್ತರಿಸಿಕೊಳ್ಳುತ್ತೇನೆ ಎಂದು ಜಕಣನು ಪಣತೊಡುತ್ತಾನೆ. ವಿಗ್ರಹಕ್ಕೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗಿದರೂ ಹೊಕ್ಕುಳಿನ ಬಳಿ ಒಣಗುವುದಿಲ್ಲ. ಉಳಿ ಸೋಕಿಸಿದೊಡನೆ ನೀರೂ ಮರಳೂ ಅದರೊಳಗಿನಿಂದ ಒಂದು ಕಪ್ಪೆಯೂ ಹೊರಬರುತ್ತವೆ. ಜಕಣನು ಮಾತಿನಂತೆ ನಡೆಯುತ್ತಾನೆ. ಆ ಹುಡುಗ ಡಂಕಣನು ತನ್ನ ಮಗನೇ ಎಂಬುದು ಆಮೇಲೆ ತಿಳಿಯುತ್ತದೆ. ತುಮಕೂರಿನ ಬಳಿಯ ಕ್ರೀಡಾಪುರದಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಿದ ಮೇಲೆ ಅವನಿಗೆ ಕೈ ಮರಳಿ ಬಂದಿತೆಂದೂ, ಅಂದಿನಿಂದ ಆ ಊರು ಕೈದಾಳವಾಯಿತೆಂದೂ ಜನ ಹೇಳುತ್ತಾರೆ.

ಚರಿತ್ರಕಾರರು ಇದನ್ನು ಐತಿಹ್ಯವೆಂದೇ ಎಣಿಸುತ್ತಾರೆ. ಇರಲಿ. ಎರಡು ಕಥೆಗಳಲ್ಲಿಯೂ ಕೈಗೇ ಪೆಟ್ಟು ಬಿದ್ದಿದೆ. ಒಂದರಲ್ಲಿ ಹೋದದ್ದು ಶಿಷ್ಯನ ಬೆರಳು, ಇನ್ನೊಂದರಲ್ಲಿ ಹಿರಿಯನ ಕೈ. ಮೊದಲನೆಯದರಲ್ಲಿ ಹಿರಿಯನ ಮಾತು ಉಳಿಯಿತು, ವಿದ್ಯೆ ಕೆಟ್ಟಿತು. ಎರಡನೆಯದರಲ್ಲಿ ಹಿರಿಯನ ಹೆಮ್ಮೆ ಮುರಿಯಿತು, ವಿದ್ಯೆ ಮಗನ ಕೈಯಲ್ಲಿ ಮುಂದುವರಿಯಿತು. ವಿದ್ಯೆಯ ದಾರಿಯಲ್ಲಿ ಏನಾದರೂ ಬಲಿ ಹೋಗಲೇಬೇಕಾದರೆ ಅದು ಕಿರಿಯನ ಕಣ್ಣಲ್ಲ, ಹಿರಿಯನ ಅಭಿಮಾನ ಎಂಬುದು ಕನ್ನಡ ಜನಪದವು ಈ ಕಥೆಯಲ್ಲಿ ಇಟ್ಟ ತೀರ್ಪು ಎಂದು ನಾನು ಭಾವಿಸುತ್ತೇನೆ. ಕೈ ಕಡಿದುಕೊಂಡದ್ದು ಸರಿಯೆಂದು ನಾನು ಹೇಳುತ್ತಿಲ್ಲ. ಪಣತೊಟ್ಟದ್ದು ಅಹಂಕಾರ. ಆದರೆ ಗಂಧವನ್ನು ಬಳಿಯಲು ಬಿಟ್ಟದ್ದು ದೊಡ್ಡತನ. ಹುಡುಗನನ್ನು ಹೊರಗೆ ಕಳಿಸಿ ಕಪ್ಪೆಯನ್ನು ಕಲ್ಲಿನೊಳಗೇ ಇರಗೊಡುವುದು ಅವನಿಗೆ ಕಷ್ಟವಾಗಿರಲಿಲ್ಲ.

ಐತಿಹ್ಯವನ್ನು ಬಿಟ್ಟು ಶಾಸನದ ಮಾತಿಗೆ ಬಂದರೂ ಬೇಲೂರು ನಮ್ಮನ್ನು ಬರಿಗೈಯಲ್ಲಿ ಕಳುಹಿಸುವುದಿಲ್ಲ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರುಂಟು. ಅವನ ಮಗ ಚಾವಣನ ಹೆಸರೂ ಉಂಟು. ತಂದೆಯ ಹೆಸರಿನ ನೆರಳಿನಲ್ಲಿ ಮಗನ ಹೆಸರು ಮುಚ್ಚಿಹೋಗಿಲ್ಲ. ಒಂದೇ ಗುಡಿಯಲ್ಲಿ ಇಬ್ಬರೂ ತಮ್ಮ ತಮ್ಮ ಕೆಲಸಕ್ಕೆ ತಾವೇ ಹೊಣೆಯಾಗಿ ನಿಂತಿದ್ದಾರೆ. ಹೆಸರು ಕೆತ್ತುವುದೆಂದರೆ ಕೀರ್ತಿಯನ್ನು ಬಯಸುವುದು ಮಾತ್ರವಲ್ಲ, ಇದರಲ್ಲಿ ತಪ್ಪಿದ್ದರೆ ಅದೂ ನನ್ನದು ಎಂದು ಒಪ್ಪಿಕೊಳ್ಳುವುದು.

ಇಲ್ಲಿ ಒಂದು ಆಕ್ಷೇಪವು ಬರುತ್ತದೆ, ಅದು ಹಗುರವಾದದ್ದಲ್ಲ. ಗುರುವು ತನ್ನ ತಪ್ಪುಗಳನ್ನು ಶಿಷ್ಯರೆದುರಿಗೆ ಬಿಚ್ಚಿಡುತ್ತಾ ಹೋದರೆ ಗೌರವ ಉಳಿಯುವುದೆ? ಎಳೆಯರಿಗೆ ಮೊದಲು ಬೇಕಾದದ್ದು ನಂಬಿಕೆ. ಅಡಿಪಾಯವೇ ಅಲುಗುವುದೆಂದು ತೋರಿಸಿದರೆ ಅವರು ಮನೆಯನ್ನು ಕಟ್ಟುವುದು ಯಾವುದರ ಮೇಲೆ? ನಮ್ಮ ಪರಂಪರೆಯು ಗುರುವನ್ನು ದೈವವೆಂದು ಕರೆದದ್ದು ಸುಮ್ಮನೆ ಅಲ್ಲವಲ್ಲ?

ಇದಕ್ಕೆ ಉತ್ತರವನ್ನು ತರ್ಕದಿಂದ ಕೊಡುವುದಕ್ಕಿಂತ ನಡೆದ ಒಂದು ಸಂಗತಿಯಿಂದ ಕೊಡುವುದು ಮೇಲು. ಅವನೀಂದ್ರನಾಥ ಠಾಕೂರರು 1905ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯ ಉಪಪ್ರಾಂಶುಪಾಲರಾದರು. ಅವರು ಪಾಠ ಹೇಳುವ ಅಧ್ಯಾಪಕರು ಮಾತ್ರವಲ್ಲ, ತಾವೂ ಬರೆಯುತ್ತಿದ್ದ ಚಿತ್ರಕಾರರು. ಅವರ ಶಿಷ್ಯರಲ್ಲಿ ನಂದಲಾಲ ಬಸು ಒಬ್ಬರು. ಮೈಸೂರಿನ ಆಸ್ಥಾನ ಚಿತ್ರಕಾರರ ವಂಶದಿಂದ ಹೋದ ನಮ್ಮ ಕೆ. ವೆಂಕಟಪ್ಪನವರು ಇನ್ನೊಬ್ಬರು. ಒಮ್ಮೆ ನಂದಲಾಲರು ತಪಸ್ಸಿನಲ್ಲಿರುವ ಉಮೆಯ ಚಿತ್ರವನ್ನು ಬರೆದು ಗುರುಗಳಿಗೆ ತೋರಿಸಿದರು. ಗುರುಗಳಿಗೆ ಅದರಲ್ಲಿ ಬಣ್ಣ ಸಾಲದೆನಿಸಿತು. ಉಮೆಯನ್ನು ಸ್ವಲ್ಪ ಅಲಂಕರಿಸು, ಹಣೆಗೆ ಚಂದನವನ್ನೋ ಕೈಗೊಂದು ಹೂವನ್ನೋ ಕೊಡು ಎಂಬ ಅರ್ಥದ ಸಲಹೆಯನ್ನಿತ್ತರು. ಮನೆಗೆ ಹೋದ ಮೇಲೆ ಅವರಿಗೆ ನಿದ್ರೆ ಬರಲಿಲ್ಲ. ಶಿವನಿಗಾಗಿ ಎಲ್ಲವನ್ನೂ ತ್ಯಜಿಸಿ ತಪಸ್ಸಿಗೆ ಕುಳಿತವಳಿಗೆ ಅಲಂಕಾರವೆಲ್ಲಿಯದು? ಶಿಷ್ಯನು ಕಂಡ ಉಮೆಯೇ ನಿಜವಾದ ಉಮೆ, ತಾನು ಹೇಳಿದ್ದು ತಪ್ಪು ಎಂದು ಹೊಳೆದಾಗ, ಬೆಳಗಾಗುತ್ತಲೇ ಶಿಷ್ಯನಿದ್ದಲ್ಲಿಗೆ ಧಾವಿಸಿದರು. ನಂದಲಾಲರು ಗುರುವಾಕ್ಯವನ್ನು ಪಾಲಿಸಲು ಸಿದ್ಧರಾಗಿದ್ದರು. ಗುರುಗಳು ಅವರನ್ನು ತಡೆದರು; ಒಂದು ಒಳ್ಳೆಯ ಚಿತ್ರವನ್ನು ಹಾಳುಮಾಡಲಿದ್ದೆನಲ್ಲ ಎಂದು ಪಶ್ಚಾತ್ತಾಪಪಟ್ಟರು. ಅಲ್ಲಿಂದ ಮುಂದೆ ಶಿಷ್ಯರಿಗೆ ಸಲಹೆ ಕೊಡುವಾಗ ಬಹಳ ಎಚ್ಚರ ವಹಿಸಿದರು. ಇದನ್ನು ಲೋಕಕ್ಕೆ ತಿಳಿಸಿದವರೂ ಅವನೀಂದ್ರನಾಥರೇ, ತಮ್ಮ ಆತ್ಮಕಥನದಲ್ಲಿ.

ಇದರಿಂದ ಅವರ ಗೌರವ ಕುಂದಿತೆ? ನಂದಲಾಲರ ಗುರುಭಕ್ತಿಯು ಜೀವಮಾನದುದ್ದಕ್ಕೂ ಉಳಿಯಿತು. ಗುರುವು ದೈವವೆಂದರೆ ತಪ್ಪೇ ಮಾಡದವನೆಂದಲ್ಲ. ತನಗಿಂತ ದೊಡ್ಡದೊಂದರ ಮುಂದೆ ತಲೆಬಾಗಲು ಹಿಂಜರಿಯದವನು. ಅವನೀಂದ್ರರು ತಲೆಬಾಗಿದ್ದು ಶಿಷ್ಯನಿಗಲ್ಲ, ಶಿಷ್ಯನ ಕೈಯಲ್ಲಿ ಮೂಡಿದ್ದ ಉಮೆಗೆ. ನಮ್ಮ ಮೂರ್ತಿಕಾರರು ಮಣಿದದ್ದೂ ಹುಡುಗಿಗಲ್ಲ, ದೇವಿಯ ಹಸ್ತಕ್ಕೆ. ಗುರು ಶಿಷ್ಯರಿಬ್ಬರೂ ನೋಡುತ್ತಿರುವುದು ಒಬ್ಬರನ್ನೊಬ್ಬರಲ್ಲ, ನಡುವೆ ಇರುವ ಕೆಲಸವನ್ನು ಎಂದಾದಾಗ ತಪ್ಪನ್ನು ಹೇಳುವುದು ಅವಮಾನವಲ್ಲ, ಒಪ್ಪುವುದು ಸೋಲಲ್ಲ.

ಹಾಗೆಂದು ಎಳೆಯರಿಗೆ ಏನೂ ಹೊಣೆಯಿಲ್ಲವೆಂದು ಅಲ್ಲ. ಡಂಕಣನು ದೋಷವನ್ನು ಹೇಳಿದ್ದು ಕಲ್ಲನ್ನು ಬಲ್ಲವನಾಗಿ. ಹೇಳಿದ್ದನ್ನು ಗಂಧದ ಪರೀಕ್ಷೆಗೆ ಒಡ್ಡಲು ಸಿದ್ಧನಾಗಿ. ನನ್ನ ಮೊಮ್ಮಗಳಿಗೆ ಬಿರುಕು ಕಂಡದ್ದು ಹದಿನೈದು ದಿನ ಮಣ್ಣನ್ನು ನಾದಿದ ಮೇಲೆ. ಮಣ್ಣನ್ನು ಮುಟ್ಟದೆ ಮೂರ್ತಿಯನ್ನು ಹಳಿಯುವುದು ವಿಮರ್ಶೆಯಲ್ಲ, ವಾಚಾಳಿತನ. ಮೊದಲು ಕೈ ಕೊಳೆಯಾಗಬೇಕು, ಆಮೇಲೆ ಕಣ್ಣು ಚುರುಕಾಗುತ್ತದೆ. ಕಡೆಗೆ ಬಾಯಿ ತೆರೆಯುವ ಧೈರ್ಯವೂ ಬೇಕು. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಕಲಿಕೆಯು ಪೂರ್ಣವಾಗದು.

ಇನ್ನೊಂದು ಮಾತು. ತಪ್ಪನ್ನು ಒಪ್ಪುವ ಈ ಶಕ್ತಿ ಗುರುವಿಗೆ ಎಲ್ಲಿಂದ ಬರುತ್ತದೆ? ಅವನು ಸ್ವತಃ ಶಿಷ್ಯನಾಗಿ ಉಳಿದಿರುವುದರಿಂದ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ವಜ್ರನೆಂಬ ರಾಜನು ಮೂರ್ತಿ ಮಾಡುವುದನ್ನು ಕಲಿಸೆಂದು ಮಾರ್ಕಂಡೇಯರನ್ನು ಕೇಳುತ್ತಾನೆ. ಚಿತ್ರವನ್ನು ಅರಿಯದೆ ಮೂರ್ತಿಯನ್ನು ಅರಿಯಲಾಗದು ಎಂದು ಋಷಿಗಳು ಹೇಳುತ್ತಾರೆ. ಚಿತ್ರಕ್ಕೆ ನೃತ್ಯ ಬೇಕು, ನೃತ್ಯಕ್ಕೆ ವಾದ್ಯ, ವಾದ್ಯಕ್ಕೆ ಗೀತ. ಒಂದು ಬಾಗಿಲು ತೆರೆದರೆ ಅದರಾಚೆ ಇನ್ನೊಂದು ಬಾಗಿಲು. ಇದು ಪುರಾಣದ ಮಾತಷ್ಟೇ ಅಲ್ಲ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದ ಕೆ. ಕೆ. ಹೆಬ್ಬಾರರು ತಮ್ಮ ರೇಖೆಗೆ ಲಯವನ್ನು ಅರಸುತ್ತಾ ಕಥಕ್ ನೃತ್ಯವನ್ನು ಗುರುಮುಖೇನ ಅಭ್ಯಾಸ ಮಾಡಿದರು. ವೆಂಕಟಪ್ಪನವರು ವೀಣೆ ಶೇಷಣ್ಣನವರ ಬಳಿ ಕುಳಿತು ವೀಣೆಯನ್ನು ಕಲಿತರು. ಕುಂಚದಲ್ಲಿ ನುರಿತ ಕೈ ತಂತಿಯ ಮೇಲೆ ತಡವರಿಸಲು ನಾಚಲಿಲ್ಲ. ತಾನು ತಡವರಿಸುವುದನ್ನು ಬಲ್ಲವನು ಕಿರಿಯನ ತಡವರಿಕೆಯನ್ನು ನೋಡಿ ನಗುವುದಿಲ್ಲ.

ಇಷ್ಟನ್ನು ಬರೆದ ಮೇಲೆ ನನ್ನದೇ ಒಂದು ಬಿರುಕನ್ನು ಮುಚ್ಚಿಡುವುದು ನ್ಯಾಯವಲ್ಲ. ನನ್ನ ಮಗನು ಬಾಲ್ಯದಲ್ಲಿ ಚೆನ್ನಾಗಿ ಚಿತ್ರ ಬರೆಯುತ್ತಿದ್ದನು. ಶಾಲೆ ಮುಗಿದಾಗ ಕಲಾಶಾಲೆಗೆ ಸೇರುತ್ತೇನೆಂದನು. ಎರಡು ಕೋಣೆಯ ಬಾಡಿಗೆಮನೆಯ ಸಂಸಾರದಲ್ಲಿ ನಾನು ಬೇಡವೆಂದೆನು. ಅದು ಸರಿಯೋ ತಪ್ಪೋ ಎಂಬುದನ್ನು ಕುರಿತು ಇಂದಿಗೂ ವಾದಿಸಬಹುದು. ವಾದಕ್ಕೆ ಎಡೆಯಿಲ್ಲದ ತಪ್ಪು ಬೇರೆ ಇದೆ. ಅವನ ಮನಸ್ಸು ಮತ್ತೆ ಅತ್ತ ಹರಿಯದಿರಲೆಂದು ಅವನ ಚಿತ್ರಪುಸ್ತಕಗಳನ್ನೆಲ್ಲ ಹಳೆಯ ಪತ್ರಿಕೆಗಳೊಡನೆ ರದ್ದಿಯವನಿಗೆ ಹಾಕಿಬಿಟ್ಟೆನು; ಅವನು ಕೇಳಿದಾಗ ಅರಿಯದೆ ಹೋಯಿತೆಂದು ಸುಳ್ಳು ಹೇಳಿದೆನು. ತಂದೆಯ ಮರ್ಯಾದೆ ಉಳಿಯಿತೆಂದುಕೊಂಡು ಮೂವತ್ತು ವರ್ಷ ಕಳೆದೆನು.

ಮೊಮ್ಮಗಳು ಮುರಿದ ಕೈಯ ಕಥೆಯನ್ನು ಹೇಳಿದ ಮರುವಾರ, ಒಂದು ಭಾನುವಾರ ಬೆಳಿಗ್ಗೆ ಮಗನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೆ ಆಗಲೇ ಗೊತ್ತಿತ್ತು ಅಪ್ಪಾ” ಎಂದನು. ಅವನೂ ಬಿರುಕನ್ನು ಕಂಡಿದ್ದನು. ಅವನೂ ನನ್ನ ಮರ್ಯಾದೆಯನ್ನು ಕಾದಿದ್ದನು. ನಮ್ಮಿಬ್ಬರ ನಡುವೆ ಆ ಮೂವತ್ತು ವರ್ಷ ಏನು ಒಣಗಿ ಕುಗ್ಗಿತು ಎಂಬುದನ್ನು ಈಗ ಅಳೆಯಲಾರೆ. ಒದ್ದೆ ಬಟ್ಟೆಯಲ್ಲಿ ಮುಗಿಯುವ ಹೊತ್ತಿನಲ್ಲಿ ನಾನು ಹೇಳಬಹುದಿತ್ತು.

ಊರು ಬಿಟ್ಟು ಬಂದು ಕಷ್ಟದಿಂದ ಮೇಲೆ ಬಂದ ನಾವು ಮಕ್ಕಳ ಮುಂದೆ ಗೆಲುವನ್ನೇ ತೋರಿಸಲು ಬಯಸುತ್ತೇವೆ. ಅದು ಸಹಜ. ಆದರೆ ಹಾಗೆ ಮಾಡುತ್ತಾ ನಾವು ಅವರ ಪಾಲಿಗೆ ಮಣ್ಣಿನ ದ್ರೋಣರಾಗುತ್ತೇವೆ. ನಮ್ಮ ನಗರಗಳ ಓಣಿಗಳಲ್ಲಿ ಇನ್ನೂ ಮೂರ್ತಿ ಮಾಡುವವರು, ಚಿತ್ರ ಬರೆಯುವವರು, ಮರ ಕೆತ್ತುವವರು ಇದ್ದಾರೆ. ರಜೆಯಲ್ಲಿ ನಮ್ಮ ಎಳೆಯರನ್ನು ಅವರ ಬಳಿಗೆ ಕಳಿಸೋಣ. ಎಲ್ಲರೂ ಕಲಾವಿದರಾಗಲಿ ಎಂದಲ್ಲ. ಬಲ್ಲವನ ಕೈಯೂ ತಪ್ಪುತ್ತದೆ, ತಪ್ಪಿದ ಕೈಯನ್ನು ಮುರಿದು ಮತ್ತೆ ಕಟ್ಟಲು ಬರುತ್ತದೆ ಎಂಬುದನ್ನು ಕಣ್ಣಾರೆ ಕಂಡು ಬರಲಿ. ವೈದ್ಯನಾಗುವವನಿಗೂ ಲೆಕ್ಕಿಗನಾಗುವವನಿಗೂ ಅದು ಬೇಕಾದ ವಿದ್ಯೆಯೇ.

ಹೊಸ ಕೈ ಒಣಗಿತು. ಬಣ್ಣವಾಯಿತು. ಕಡೆಯ ದಿನ ಮೂರ್ತಿಕಾರರು ಸ್ನಾನ ಮಾಡಿ ಬಂದು, ದೀಪ ಹಚ್ಚಿ, ದೇವಿಯ ಕಣ್ಣು ತೆರೆದರು. ಒಂಬತ್ತು ದಿನ ಆ ಹಸ್ತವು ನೆರೆದವರಿಗೆಲ್ಲ ಅಭಯವನ್ನಿತ್ತಿತು. ವಿಜಯದಶಮಿಯ ಸಂಜೆ ನೀರಿನಲ್ಲಿ ಕರಗಿತು. ಮೂರ್ತಿ ಉಳಿಯಲಿಲ್ಲ, ಉಳಿಯಬೇಕಾದದ್ದೂ ಅಲ್ಲ. ಉಳಿದದ್ದು ನಾರನ್ನು ದಪ್ಪವಾಗಿ ಸುತ್ತಲು ಕಲಿತ ಮೂರು ಜೊತೆ ಎಳೆಯ ಕೈಗಳು.

ತಾಯಿ ಶಾರದೆಯು ನಮ್ಮ ಎಳೆಯರಿಗೆ ಬಿರುಕನ್ನು ಕಾಣುವ ಕಣ್ಣನ್ನೂ ಅದನ್ನು ವಿನಯದಿಂದ ಹೇಳುವ ನಾಲಗೆಯನ್ನೂ ಕೊಡಲಿ. ಹಿರಿಯರಾದ ನಮಗೆ, ಇದು ನನ್ನ ತಪ್ಪು ಎಂದು ತೋರಿಸಿಕೊಡುವ ಕೈಯನ್ನು ಅನುಗ್ರಹಿಸಲಿ.